ಬೀಗದ ಕೈ ಯಾರ ಹತ್ರ ಇತ್ತು?

ಈ ಕೇಸ್ ಬಗ್ಗೆ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಎಳೆದಾಡಿದೀನಿ. ಇದೇ ತರದ್ದು ಬೇರೆ ಬೇರೆ ವೇಷ ಹಾಕ್ಕೊಂಡು ನನ್ನ ಮುಂದೆ ಬಂದು ಕೂತಿರೋದು ಇದು ಮೂರನೇ ಸಲ, ಅದಕ್ಕೇ ಬರೀತಿದೀನಿ ಅಂತ ಹೇಳಿದ್ರೆ ಅರ್ಧ ಸತ್ಯ. ಉಳಿದರ್ಧ ಏನಂದ್ರೆ ನಾನು ಕೊಟ್ಟ ಸಲಹೆ ತಪ್ಪು ಅಂತ ನನ್ನ ಹಾಗೇ ಆಪ್ತಸಲಹೆ ಕೊಡೋ ವೃತ್ತಿಯ ಒಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು, ಅದು ಇನ್ನೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಸಂಬಂಧಪಟ್ಟ ಹುಡುಗನ ಒಪ್ಪಿಗೆ ತಗೊಂಡಿದೀನಿ. ಅವನು ಇದನ್ನ ಓದಿ ಎರಡು ಕಡೆ ಹೊಡೆದುಹಾಕಿಸಿದಾನೆ, ಗುರುತು ಸಿಗೋ ವಿವರ ಎಲ್ಲಾ ನಾನೇ ಬದಲಾಯಿಸಿದೀನಿ. ಯಾವ ಬ್ಯಾಂಡು ಅಂತ ಊಹೆ ಮಾಡೋಕೆ ಹೋಗ್ಬೇಡಿ, ತಪ್ಪಾಗುತ್ತೆ.

ಹುಡುಗ ಗಿಟಾರಿಸ್ಟ್. ವಯಸ್ಸು ಇಪ್ಪತ್ತಾರು ಅಂತಿಟ್ಕೊಳ್ಳಿ. ಆರೇಳು ವರ್ಷ ಯಾರಿಗೂ ಗೊತ್ತಿಲ್ಲದೆ ನುಡಿಸ್ಕೊಂಡಿದ್ದ ರಾಕ್ ಬ್ಯಾಂಡು, ಒಂದು ಹಾಡಿನ ವಿಡಿಯೊ ಯಾಕೋ ಏನೋ ಬೆಂಕಿ ಹತ್ತಿದ ಹಾಗೆ ಹರಡಿತು, ಅಷ್ಟೆ. ಮೂವತ್ತು ಜನ ಬಂದ್ರೆ ಹೌಸ್‌ಫುಲ್ ಅಂದ್ಕೊಳ್ತಿದ್ದವರು ಎರಡೇ ತಿಂಗಳಲ್ಲಿ ಟಿವಿ ಸ್ಟುಡಿಯೋದಲ್ಲಿ ಮುಖಕ್ಕೆ ಪೌಡರ್ ಹಾಕಿಸ್ಕೊಂಡು ಕೂತು ನಿಮ್ಮ ಯಶಸ್ಸಿನ ಗುಟ್ಟೇನು ಅನ್ನೋ ಪ್ರಶ್ನೆಗೆ ಉತ್ತರ ಕೊಡ್ತಿದ್ರು. ಬ್ಯಾಂಡಲ್ಲಿ ಮಾತುಗಾರ ಇವನೇ. ಹಾಡೋನು ಮೈಕ್ ಮುಂದೆ ಹುಲಿ, ಇಂಟರ್ವ್ಯೂ ಅಂದ್ರೆ ಬೆಕ್ಕು, ಇನ್ನಿಬ್ಬರು ಪಕ್ಕದಲ್ಲಿ ಕೂತು ನಗ್ತಾರೆ. ಹಾಗಾಗಿ ಮಾತಿನ ಭಾರ ಎಲ್ಲಾ ಇವನ ಮೇಲೆ.

ನನ್ನ ಹತ್ರ ಬಂದಿದ್ದು ನಿದ್ದೆ ಇಲ್ಲ ಅಂತ. ನಾಳೆ ಇಂಟರ್ವ್ಯೂ ಅಂದ್ರೆ ಇವತ್ತು ರಾತ್ರಿ ಪೂರ್ತಿ ಫ್ಯಾನ್ ನೋಡ್ತಾ ಮಲಗಿರ್ತಾನೆ, ಬೆಳಿಗ್ಗೆ ಎದೆ ಡವಡವ, ಶರ್ಟಿಗೆ ಮೈಕ್ ಸಿಕ್ಕಿಸೋಕೆ ಬಂದಾಗ ಬೆರಳೆಲ್ಲ ತಣ್ಣಗಾಗುತ್ತೆ. ಆದ್ರೆ ಸ್ಟೇಜ್ ಮೇಲೆ, ಸಾವಿರಾರು ಜನರ ಮುಂದೆ, ಏನೂ ಇಲ್ಲ. ಆರಾಮಾಗಿ ನುಡಿಸ್ತಾನೆ.

ನಾನು ಎಡವಿದ್ದು ಇಲ್ಲೇ, ಒಪ್ಕೋತೀನಿ. ಇದು ಪರ್ಫಾರ್ಮೆನ್ಸ್ ಆತಂಕ ಅಂತ ಹಣೆಪಟ್ಟಿ ಅಂಟಿಸಿ ಮೂರು ಸೆಷನ್ ಅದಕ್ಕೇ ಕಳೆದೆ. ಡಾಕ್ಟರ್ ಹತ್ರ ಕಳಿಸಿ ಇಸಿಜಿ, ಥೈರಾಯ್ಡ್ ನೋಡಿಸಿದ್ದಾಯ್ತು, ಎಲ್ಲಾ ಸರಿ ಇತ್ತು. ನಾಲ್ಕು ಎಣಿಸ್ತಾ ಉಸಿರು ಒಳಗೆ, ಆರು ಎಣಿಸ್ತಾ ಹೊರಗೆ, ಅದನ್ನೂ ಹೇಳಿಕೊಟ್ಟೆ. ಮಧ್ಯದಲ್ಲಿ ಬ್ಯಾಂಡಿನ ಯಾರೋ ಒಬ್ಬ ಇವನಿಗೆ ಎದೆ ಬಡಿತ ತಗ್ಗಿಸೋ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟಿದ್ದ, ಎಲ್ಲಾ ಮ್ಯುಸಿಶಿಯನ್ಸ್ ತಗೋತಾರೆ ಏನಾಗಲ್ಲ ಅಂತ. ಸಂಗೀತಗಾರರು ಅದನ್ನ ತಗೊಳೋದು ಹೊಸ ವಿಷಯ ಏನಲ್ಲ ನಿಜ, ಆದ್ರೆ ಅಸ್ತಮಾ ಇರೋರಿಗೆ ಆ ಮಾತ್ರೆ ಅಪಾಯ, ಡಾಕ್ಟರ್ ಕೇಳದೆ ಗೆಳೆಯನ ಜೇಬಿಂದ ತಗೊಂಡು ನುಂಗೋ ವಸ್ತು ಅಲ್ಲ ಅದು. ಆ ದಿನ ಸ್ವಲ್ಪ ಗದರಿದೆ ಕೂಡ. ಮಾತ್ರೆ ತಗೊಂಡ ದಿನ ಎದೆ ಬಡಿತ ಕಡಿಮೆ ಆಗಿತ್ತಂತೆ, ಆದ್ರೆ ರಾತ್ರಿ ನಿದ್ದೆ ಬರ್ಲಿಲ್ವಂತೆ. ಅದನ್ನ ಕೇಳಿದಾಗ್ಲಾದ್ರೂ ನನಗೆ ಹೊಳೀಬೇಕಿತ್ತು. ಸ್ಟೇಜ್ ಭಯ ಇರೋನಿಗೆ ಸ್ಟೇಜ್ ಮೇಲೆ ತಾನೇ ಭಯ ಆಗ್ಬೇಕು? ಇವನಿಗೆ ಜನ ನೋಡ್ತಾರೆ ಅನ್ನೋದು ತೊಂದರೆ ಆಗಿರ್ಲಿಲ್ಲ. ತಾನು ಅಲ್ಲಿ ಕೂತು ಏನು ಹೇಳ್ತೀನಿ ಅನ್ನೋದು ತೊಂದರೆ ಆಗಿತ್ತು.

ಮೂರನೇ ಸೆಷನ್ ಆದ್ಮೇಲೆ ಅವನನ್ನ ಕೇಳೇ ಅವನ ಮೂರು ಇಂಟರ್ವ್ಯೂ ನೋಡಿದೆ. ಸಾಮಾನ್ಯವಾಗಿ ನಾನು ಹಾಗೆ ಮಾಡಲ್ಲ, ಹೊರಗಿನ ಮನುಷ್ಯನನ್ನ ನೋಡಿಬಿಟ್ರೆ ರೂಮೊಳಗೆ ಕೂತಿರೋನು ಮಸುಕಾಗ್ತಾನೆ. ಈ ಸಲ ನೋಡಿದ್ದು ಒಳ್ಳೇದೇ ಆಯ್ತು. ಮೂರರಲ್ಲೂ ಒಂದೇ ಪ್ರಶ್ನೆ, ಬ್ಯಾಂಡ್ ಶುರುವಾಗಿದ್ದು ಹೇಗೆ. ಮೂರರಲ್ಲೂ ಒಂದೇ ಉತ್ತರ. ಮಳೆ ಬರ್ತಿದ್ದ ರಾತ್ರಿ, ಹಳೇ ಸ್ಟೋರ್ ರೂಮು, ನಾಲ್ಕು ಜನ ಗೆಳೆಯರು, ಒದ್ದೆಯಾದ ಆಂಪ್ಲಿಫೈಯರ್, ಪ್ಲಗ್ ಹಾಕಿದ್ರೆ ಚಟಪಟ ಕಿಡಿ, ಕರೆಂಟ್ ಹೋಯ್ತು, ಕತ್ತಲಲ್ಲೇ ನುಡಿಸಿದ್ರು, ಆ ಕತ್ತಲಲ್ಲೇ ಈಗ ಎಲ್ಲರೂ ಗುನುಗೋ ಆ ಹಾಡಿನ ಮೊದಲ ಎಳೆ ಹುಟ್ಟಿತು. ಕಿಡಿ ಅನ್ನೋವಾಗ ಅವನ ಕೈ ಬೆರಳು ಅರಳುತ್ತೆ, ಆಂಕರ್ ನಗ್ತಾರೆ, ಇವನು ಒಂದು ಗಳಿಗೆ ಬಿಟ್ಟು "ಕತ್ತಲಲ್ಲೇ" ಅಂತಾನೆ. ಚೆನ್ನಾಗಿರೋ ಕಥೆ. ಮೂರನೇ ಸಲ ನೋಡೋವಾಗ ನನಗೆ ಅವನಿಗಿಂತ ಮುಂಚೆ ಬಾಯಿಗೆ ಬರ್ತಿತ್ತು.

ನಾಲ್ಕನೇ ಸೆಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು.

ಬಂದು ಕೂತ. ನಾನೂ ಅದೇ ಪ್ರಶ್ನೆ ಕೇಳಿದೆ, ಬೇಕಂತಲೇ. ಬ್ಯಾಂಡ್ ಶುರುವಾಗಿದ್ದು ಹೇಗೆ ಅಂತ. ಕ್ಯಾಮೆರಾ ಇಲ್ಲ, ಲೈಟ್ ಇಲ್ಲ, ಎದುರಿಗೆ ಇರೋದು ನಾನೊಬ್ಬಳು ಮತ್ತು ಗೋಡೆ ಗಡಿಯಾರ. ಅವನು ಶುರು ಮಾಡಿದ, ಮಳೆ ಬರ್ತಿತ್ತು ಮೇಡಂ, ಹಳೇ ಸ್ಟೋರ್ ರೂಮು... ಅದೇ ಪದ, ಅದೇ ಜಾಗದಲ್ಲಿ ಉಸಿರು, ಕಿಡಿ ಅನ್ನೋವಾಗ ಅದೇ ಬೆರಳು. ಒಂದು ಗಳಿಗೆ ಬಿಟ್ಟು "ಕತ್ತಲಲ್ಲೇ" ಅಂದ. ನಾನು ನಗ್ಲಿಲ್ಲ. ನಗು ಬರ್ಬೇಕಾದ ಜಾಗದಲ್ಲಿ ನಗು ಬರ್ದೇ ಇದ್ದಾಗ ಅವನ ಮುಖ, ಮೆಟ್ಟಿಲು ಇದೆ ಅಂದ್ಕೊಂಡು ಕಾಲಿಟ್ಟವನ ಹಾಗೆ ಆಯ್ತು.

ಆಗ ನಾನು ಕೇಳಿದ್ದು ಒಂದು ಸಣ್ಣ ಪ್ರಶ್ನೆ, ನನಗೂ ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ. ಪಾಠ ಒಪ್ಪಿಸೋನನ್ನ ನಿಲ್ಲಿಸ್ಬೇಕು ಅಂದ್ರೆ ಪಾಠದಲ್ಲಿ ಇಲ್ಲದ್ದನ್ನ ಕೇಳ್ಬೇಕು, ಅಷ್ಟೇ ನನ್ನ ಲೆಕ್ಕ. "ಅಷ್ಟು ಮಳೆ ಬರ್ತಿತ್ತು ಅಂದ್ರಿ. ಸ್ಟೋರ್ ರೂಮ್ ಬೀಗ ಹಾಕಿರ್ತಿತ್ತಲ್ವಾ, ಬಾಗಿಲು ಯಾರು ತೆಗೆದ್ರು?"

ಬಾಯಿ ತೆರೆದ, ಮುಚ್ಚಿದ. ಕೈ ಜೇಬಿಗೆ ಹೋಯ್ತು, ಯಾವುದೋ ಕೀ ಹುಡುಕೋ ಹಾಗೆ, ಆಮೇಲೆ ಬರಿಗೈಯಲ್ಲಿ ಆಚೆ ಬಂತು. ಗಡಿಯಾರದ ಸದ್ದು ಅಷ್ಟು ಜೋರು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಎರಡು ನಿಮಿಷ ಆಗಿರ್ಬಹುದು, ಹೆಚ್ಚೇ ಆಗಿರ್ಬಹುದು. ನಾನು ಏನೂ ಮಾತಾಡ್ಲಿಲ್ಲ. ಮಾತಾಡ್ಬೇಕು ಅಂತ ತುಂಬಾ ಅನ್ನಿಸ್ತು, ನಾಲಿಗೆ ಕಚ್ಕೊಂಡು ಕೂತಿದ್ದೆ.

"ಬೀಗದ ಕೈ ಅವನ ಹತ್ರ ಇರ್ತಿತ್ತು" ಅಂದ.

ಅವನು ಅಂದ್ರೆ ಐದನೆಯವನು. ಸ್ಟೋರ್ ರೂಮು ಐದನೆಯವನ ಮನೆಯದು. ಒದ್ದೆಯಾದ ಆಂಪ್ಲಿಫೈಯರ್ ಐದನೆಯವನದು. ಕತ್ತಲಲ್ಲಿ ಮೊದಲು ಆ ಎಳೆ ಗುನುಗಿದ್ದು, ಇಲ್ಲೇ ವಿಷಯ ಇರೋದು, ಐದನೆಯವನು. ಹಾಡು ಹಿಟ್ ಆಗೋ ಒಂದೂವರೆ ವರ್ಷ ಮುಂಚೆ ಮನೇಲಿ ಕಷ್ಟ ಬಂದು ಕೆಲಸಕ್ಕೆ ಸೇರ್ಕೊಂಡ, ಪ್ರಾಕ್ಟೀಸಿಗೆ ಬರೋದು ಕಡಿಮೆ ಆಯ್ತು, ಒಂದು ದಿನ ಇವರು ನಾಲ್ಕು ಜನ ಸೇರಿ "ನೀನು ಸ್ವಲ್ಪ ದಿನ ರೆಸ್ಟ್ ತಗೋ" ಅಂತ ಹೇಳಿದ್ರಂತೆ. ಆ ಮಾತು ಹೇಳಿದ್ದೂ ಇವನೇ. ಮಾತುಗಾರ ಅಲ್ವಾ.

ಆಮೇಲೆ ಅವನು ಹೇಳಿದ ಇನ್ನೊಂದು ಮಾತು ನನ್ನನ್ನ ಆ ರಾತ್ರಿ ಮಲಗೋಕೆ ಬಿಡ್ಲಿಲ್ಲ. "ಮೇಡಂ, ನಾನು ಸುಳ್ಳು ಹೇಳ್ತಿದೀನಿ ಅನ್ನೋದಕ್ಕಿಂತ ಬೇರೆ ಏನೋ ಆಗ್ತಿದೆ. ನಾನು ಕಣ್ಣು ಮುಚ್ಚಿ ಆ ರಾತ್ರಿ ನೆನಪು ಮಾಡ್ಕೊಂಡ್ರೆ ಅವನು ಕಾಣ್ತಾನೇ ಇಲ್ಲ. ನಾವು ನಾಲ್ಕೇ ಜನ ಕಾಣ್ತೀವಿ. ಆಂಪ್ ಇದೆ, ಮಳೆ ಇದೆ, ಅವನು ಕೂತಿದ್ದ ಜಾಗ ಇದೆ, ಅವನಿಲ್ಲ."

ಎಷ್ಟು ಸಲ ಈ ಕಥೆ ಹೇಳಿರ್ಬಹುದು ಅಂತ ಕೇಳಿದೆ. ಬೆರಳು ಮಡಚ್ತಾ ಲೆಕ್ಕ ಹಾಕೋಕೆ ಹೋಗಿ ಬಿಟ್ಟುಬಿಟ್ಟ. ಒಂದೇ ದಿನ ಏಳು ಇಂಟರ್ವ್ಯೂ ಕೊಟ್ಟಿದ್ದೂ ಉಂಟಂತೆ, ಒಂದು ರೂಮಲ್ಲಿ ಇವರನ್ನ ಕೂರಿಸ್ತಾರೆ, ಒಬ್ಬರಾದ ಮೇಲೆ ಒಬ್ಬರು ಆಂಕರ್ ಬಂದು ಕೂರ್ತಾರೆ, ಪ್ರಶ್ನೆ ಅದೇ, ಹಿಂದಿನ ಪರದೆ ಮಾತ್ರ ಬೇರೆ.

ಶುರು ಹೇಗಾಯ್ತು ಅನ್ನೋದೂ ಬಿಡಿಸಿ ಹೇಳಿದ. ಮೊದಲ ಟಿವಿ ಇಂಟರ್ವ್ಯೂ. ಕಾರ್ಯಕ್ರಮಕ್ಕೆ ಮುಂಚೆ ರಿಸರ್ಚ್ ಹುಡುಗಿ ಫೋನ್ ಮಾಡಿ ಎಲ್ಲಾ ಕೇಳಿ ಬರ್ಕೊಂಡಿರ್ತಾಳೆ, ಅವಳಿಗೆ ಇವನು ಐದು ಜನರ ಕಥೆಯನ್ನೇ ಹೇಳಿದ್ದ. ಆದ್ರೆ ಆಂಕರ್ ಕೈಯಲ್ಲಿದ್ದ ಕಾರ್ಡಲ್ಲಿ "ನಾಲ್ಕು ಗೆಳೆಯರ ಕಥೆ" ಅಂತ ಬರೆದಿತ್ತು, ಎದುರಿಗೆ ನಾಲ್ಕೇ ಜನ ಕೂತಿದ್ರಲ್ಲ. "ನಾಲ್ಕು ಜನ ಗೆಳೆಯರು, ಒಂದು ಕನಸು, ಅಲ್ವಾ?" ಅಂತ ಆಂಕರ್ ಕೇಳಿದ್ರು. ಅಲ್ಲ ಅನ್ನೋಕೆ ಬಾಯಿ ತೆಗೆದ್ರೆ ಹೋದವನ್ಯಾಕೆ ಹೋದ ಅಂತ ಬರುತ್ತೆ, ಹಾಡು ಯಾರದ್ದು ಅಂತ ಬರುತ್ತೆ, ಇರೋದು ನಾಲ್ಕು ನಿಮಿಷ, ಪಕ್ಕದಲ್ಲಿ ಮೂರು ಜನ ನಗ್ತಾ ಕೂತಿದಾರೆ. ಹೌದು ಅಂದ. ಆ ಒಂದು ಹೌದು ಆಮೇಲೆ ಕಥೆ ಆಯ್ತು, ಕಥೆಗೆ ನಗು ಬಿತ್ತು, ನಗು ಬಿದ್ದಿದ್ದಕ್ಕೆ ಅದು ಗಟ್ಟಿ ಆಯ್ತು.

ಇದು ಇವನೊಬ್ಬನ ದೋಷ ಅಲ್ಲ, ನೆನಪು ಅನ್ನೋದೇ ಹೀಗೆ. ಬಾರ್ಟ್ಲೆಟ್ ಅಂತ ಒಬ್ಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞ, 1932ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನಕ್ಕೆ ಅವರಿಗೆ ಪರಿಚಯ ಇಲ್ಲದ ನಾಡಿನ ಒಂದು ಜಾನಪದ ಕಥೆ ಓದೋಕೆ ಕೊಟ್ಟು ಆಮೇಲೆ ಮತ್ತೆ ಮತ್ತೆ ನೆನಪಿಂದ ಹೇಳಿಸಿದ. ಸಲದಿಂದ ಸಲಕ್ಕೆ ಕಥೆ ಚಿಕ್ಕದಾಗ್ತಾ ಹೋಯ್ತು, ನುಣ್ಣಗಾಗ್ತಾ ಹೋಯ್ತು, ಹೇಳೋನಿಗೆ ಹೊಂದದ ವಿವರ ಉದುರಿ ಹೋದ್ವು. ನಾವು ನೆನಪನ್ನ ಪೆಟ್ಟಿಗೆಯಿಂದ ತೆಗೆದು ತೋರಿಸಿ ವಾಪಸ್ ಇಡ್ತೀವಿ ಅಂದ್ಕೊಂಡಿರ್ತೀವಿ, ಹಾಗಲ್ಲ, ತೆಗೆದಾಗೆಲ್ಲ ಒಂದು ಸಲ ಹೊಸದಾಗಿ ಹೊಲೀತೀವಿ. ಟಿವಿಗೆ ಹೇಳೋವಾಗ ಆ ಹೊಲಿಗೆ ಇನ್ನೂ ಬಿಗಿ, ಅಲ್ಲಿ ನಲವತ್ತು ನಿಮಿಷ ಮಾತಾಡಿದ್ದು ಆರು ನಿಮಿಷಕ್ಕೆ ಕತ್ತರಿಸಿ ಬರುತ್ತೆ, ಯಾವ ತುಂಡು ಪ್ರಸಾರ ಆಯ್ತೋ ಮುಂದಿನ ಸಲ ಬಾಯಿ ಅದೇ ತುಂಡನ್ನೇ ಹೇಳುತ್ತೆ. ಎಡಿಟರ್ ಕತ್ತರಿ ಮನುಷ್ಯನ ತಲೆ ಒಳಗೇ ಬಂದು ಕೂರುತ್ತೆ.

ಅವತ್ತು ಅವನಿಗೆ ನಾನು ಪೀಟ್ ಬೆಸ್ಟ್ ಕಥೆ ಹೇಳಿದೆ. ರಾಕ್ ನುಡಿಸೋನಿಗೆ ನಾನು ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಬಗ್ಗೆ ಹೇಳೋದು ಅಂದ್ರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಆದ್ರೂ ಹೇಳಿದೆ. ಎರಡು ವರ್ಷ ಅವರ ಡ್ರಮ್ಮರ್ ಆಗಿದ್ದವನು. 1962ರ ಆಗಸ್ಟ್ 16ಕ್ಕೆ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಕರೆದು ನಿನ್ನನ್ನ ತೆಗೆದಿದೀವಿ ಅಂದ, ಜೊತೆಗೆ ನುಡಿಸಿದ ಮೂವರಲ್ಲಿ ಒಬ್ಬರೂ ಎದುರಿಗೆ ಬಂದು ಹೇಳ್ಲಿಲ್ಲ. 1964ರ ಫೆಬ್ರವರಿ 9ಕ್ಕೆ ಬೀಟಲ್ಸ್‌ನವರು ಎಡ್ ಸಲಿವನ್ ಶೋ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಹಾಡಿದಾಗ ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ನೋಡಿದ್ರು. ಮರುತಿಂಗಳೇ ಪೀಟ್ ಬೆಸ್ಟ್ ಕೂಡ ಅಮೆರಿಕದ ಟಿವಿಗೆ ಬಂದ, ಯಾತಕ್ಕೆ ಗೊತ್ತಾ, ಎದುರಿಗೆ ಬಂದವರ ಗುಟ್ಟನ್ನ ಸೆಲೆಬ್ರಿಟಿಗಳು ಊಹಿಸೋ ಒಂದು ಆಟದ ಕಾರ್ಯಕ್ರಮಕ್ಕೆ. ಅವನ ಗುಟ್ಟು ಏನಂದ್ರೆ ತಾನು ಬೀಟಲ್ಸ್ ಬಿಟ್ಟವನು ಅನ್ನೋದೇ. ಅವನು ನುಡಿಸಿದ್ದ ಹಳೇ ರೆಕಾರ್ಡಿಂಗ್‌ಗಳು 1995ರ ಸಂಗ್ರಹದಲ್ಲಿ ಬಂದಾಗ ರಾಯಲ್ಟಿ ಏನೋ ಸಿಕ್ತು, ಅಷ್ಟೊತ್ತಿಗೆ 33 ವರ್ಷ ಆಗಿತ್ತು.

ನಾನು ಇದನ್ನ ಹೇಳಿದ್ದು ಟಿವಿ ಅನ್ನೋದು ಬಿಟ್ಟುಹೋದವನನ್ನ ಏನು ಮಾಡುತ್ತೆ ಅಂತ ತೋರಿಸೋಕೆ. ಅವನು ಹಿಡ್ಕೊಂಡಿದ್ದು ಬೇರೆ ತುದಿ. "ಹಾಗಾದ್ರೆ ನಾನು ಟಿವಿಯಲ್ಲೇ ಹೇಳಿಬಿಡ್ತೀನಿ ಮೇಡಂ. ಮುಂದಿನ ವಾರ ಲೈವ್ ಶೋ ಇದೆ, ದೊಡ್ಡದು. ಎಲ್ಲರ ಮುಂದೆ ಅವನ ಹೆಸರು ಹೇಳಿ ಕ್ಷಮೆ ಕೇಳ್ತೀನಿ." ಕಣ್ಣಲ್ಲಿ ನೀರು, ಮುಖದಲ್ಲಿ ಮಾತ್ರ ಹಗುರ. ಆ ಹಗುರ ನೋಡಿಯೇ ನನಗೆ ಹೆದರಿಕೆ ಆಗಿದ್ದು. ಮ್ಯಾನೇಜರ್‌ಗೆ ಹೇಳಿದೀರಾ ಅಂದೆ. ಸೂಚನೆ ಕೊಟ್ಟಿದೀನಿ, ಯಾರ ಬಗ್ಗೆ ಅಂತ ಹೇಳಿಲ್ಲ, ಒಂದು ಎಮೋಷನಲ್ ವಿಷಯ ಹೇಳೋದಿದೆ ಅಂದೆ, ಅವರು "ಸೂಪರ್, ಆ ಕ್ಲಿಪ್ ಚೆನ್ನಾಗಿ ಓಡುತ್ತೆ" ಅಂದ್ರು ಅಂತ ಹೇಳಿದ.

ನಾನು ಬೇಡ ಅಂದೆ. ಮೆತ್ತಗೆ ಸುತ್ತಿ ಬಳಸಿ ಹೇಳ್ಲಿಲ್ಲ, ನೇರವಾಗಿ ಬೇಡ ಅಂದೆ. ಆಪ್ತಸಲಹೆಗಾರರು ದಾರಿ ತೋರಿಸ್ಬಾರದು, ಅವರೇ ದಾರಿ ಕಂಡುಕೊಳ್ಳೋವರೆಗೆ ಜೊತೆಗೆ ನಿಲ್ಬೇಕು ಅಂತ ನಮಗೆ ಕಲಿಸ್ತಾರೆ, ನಾನೂ ಹೊಸಬರಿಗೆ ಅದನ್ನೇ ಕಲಿಸ್ತೀನಿ. ಆದ್ರೆ ಲೈವ್ ಶೋಗೆ ಐದು ದಿನ ಇದ್ದಾಗ, ಆ ರೂಮಲ್ಲಿ ಇಲ್ಲದ ಐದನೆಯವನ ಬದುಕು ಅದರಲ್ಲಿ ಸಿಕ್ಕಿಹಾಕ್ಕೊಂಡಿದ್ದಾಗ, ಜೊತೆಗೆ ಸುಮ್ನೆ ನಿಂತಿರೋದು ನನ್ನಿಂದ ಆಗ್ಲಿಲ್ಲ.

ಹೇಳಿದ್ದು ಇಷ್ಟು. ಮೊದಲು ಅವನನ್ನ ಹೋಗಿ ನೋಡಿ. ಹೋಗೋ ಮುಂಚೆ ಫೋನ್ ಮಾಡಿ ಬರ್ಲಾ ಅಂತ ಕೇಳಿ, ಬೇಡ ಅಂದ್ರೆ ಬೇಡ, ಇನ್ನೊಂದು ಸಲ ಕೇಳೋದಕ್ಕೆ ಸ್ವಲ್ಪ ದಿನ ಬಿಡಿ. ಒಬ್ಬರೇ ಹೋಗಿ, ಕೈಯಲ್ಲಿ ಏನೂ ತಗೊಂಡು ಹೋಗ್ಬೇಡಿ, ಗಿಟಾರ್ ಅಂತೂ ಬೇಡವೇ ಬೇಡ. ಕ್ಷಮಿಸು ಅಂತ ಕೇಳ್ಬೇಡಿ. ಈ ಮಾತಿಗೆ ಅವನು ಗಾಬರಿಯಾದ, ಮತ್ತೇನು ಕೇಳ್ಲಿ ಅಂದ. ಏನು ಮಾಡಿದೆ ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ, ಕ್ಷಮಿಸು ಅಂದ ತಕ್ಷಣ ಕೆಲಸ ಅವನ ತಲೆ ಮೇಲೆ ಬೀಳುತ್ತೆ, ನಿಮ್ಮನ್ನ ಸಮಾಧಾನ ಮಾಡೋ ಕೆಲಸ, ಅಂದೆ. ಹಾಡಿನ ಕ್ರೆಡಿಟ್ ವಿಷಯ ನನಗೆ ಬಿಡಿಸೋಕೆ ಬರಲ್ಲ, ಅದನ್ನ ಗೊತ್ತಿರೋ ವಕೀಲರ ಹತ್ರ ಕೇಳಿ. ಹಾಡನ್ನ ಕಟ್ಟಿದವರ ಹಕ್ಕು ಬೇರೆ, ರೆಕಾರ್ಡಿಂಗ್ ಮೇಲಿನ ಹಕ್ಕು ಬೇರೆ, ಇವನಿಗೆ ಎರಡೂ ಒಂದೇ ಅಂತ ಅನ್ನಿಸಿತ್ತು. ಹಾಡಿನಲ್ಲಿ ಯಾರದ್ದು ಎಷ್ಟು ಪಾಲು ಅಂತ ಬರೆದು ಎಲ್ಲರೂ ಸಹಿ ಹಾಕೋ ಕಾಗದಕ್ಕೆ ಸ್ಪ್ಲಿಟ್ ಶೀಟ್ ಅಂತಾರೆ, ಈ ಬ್ಯಾಂಡಲ್ಲಿ ಅಂಥದ್ದೊಂದು ಇರ್ಲೇ ಇಲ್ಲ, ಗೆಳೆಯರ ಮಧ್ಯೆ ಕಾಗದ ಯಾಕೆ ಅಂತ. ಗೆಳೆತನ ಇರೋವಾಗ್ಲೇ ಆ ಕಾಗದ ಮಾಡ್ಕೋಬೇಕು, ಕೆಟ್ಟ ಮೇಲೆ ಯಾರು ಮಾಡ್ತಾರೆ?

ಇನ್ನು ಇಂಟರ್ವ್ಯೂ. ನಾಲ್ಕು ಅನ್ನೋ ಸಂಖ್ಯೆ ಇನ್ಮೇಲೆ ಬಾಯಲ್ಲಿ ಬರ್ಬಾರದು. ಮಳೆ ಕಥೆ ಬಂದ್. ಕೇಳಿದ್ರೆ, ಶುರುವಲ್ಲಿ ಇದ್ದವರೆಲ್ಲ ಇವತ್ತು ಇಲ್ಲಿಲ್ಲ, ಅವರನ್ನ ಕೇಳದೆ ಆ ಕಥೆ ಹೇಳಲ್ಲ ಅಂತ ಹೇಳೋದು. ಜೊತೆಗೆ ಒಂದು ನೋಟ್‌ಬುಕ್ ಕೊಟ್ಟು ಆ ರಾತ್ರಿ ಬಗ್ಗೆ ಟಿವಿಯಲ್ಲಿ ಒಂದು ಸಲಾನೂ ಹೇಳದೇ ಇರೋದನ್ನ ಮಾತ್ರ ಬರೀರಿ ಅಂದೆ, ಬಾಗಿಲಿನ ಬಣ್ಣ, ವಾಸನೆ, ಯಾರ ಕಾಲು ಯಾರಿಗೆ ತಾಗ್ತಿತ್ತು. ಹೀಗೆ ಬರೆದದ್ದೆಲ್ಲ ನಿಜವೇ ಆಗಿರುತ್ತೆ ಅಂತ ನಾನು ಮಾತು ಕೊಡಲ್ಲ, ನೆನಪು ಬಣ್ಣವನ್ನೂ ಹೊಲಿದುಬಿಡುತ್ತೆ. ಆದ್ರೆ ಯಾರನ್ನೂ ನಗಿಸೋಕಲ್ಲದೆ ನೆನಪು ಮಾಡ್ಕೊಳೋ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತು, ಅದು ವಾಪಸ್ ಬರ್ಬೇಕಿತ್ತು.

ಇದನ್ನೇ ನಾನು ನಮ್ಮ ಸಹೋದ್ಯೋಗಿಗಳ ಚರ್ಚೆಯಲ್ಲಿ, ಹೆಸರು ಹೇಳದೆ, ಇಟ್ಟಾಗ ಒಬ್ಬ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಸತ್ಯ ಹೇಳೋಕೆ ಹೊರಟವನನ್ನ ನೀವು ತಡೆದಿದೀರಿ. ನೀವು ಕಾಪಾಡಿದ್ದು ಹುಡುಗನನ್ನಲ್ಲ, ಬ್ಯಾಂಡಿನ ಹೆಸರನ್ನ" ಅಂದ್ರು. ಸುಳ್ಳು ಹೇಳಿದ್ದು ಲಕ್ಷಾಂತರ ಜನರ ಮುಂದೆ, ಸತ್ಯ ಹೇಳೋದು ಮಾತ್ರ ಮುಚ್ಚಿದ ಬಾಗಿಲ ಹಿಂದೆ, ಇದ್ಯಾವ ನ್ಯಾಯ ಅನ್ನೋದು ಅವರ ವಾದ. ಅವತ್ತು ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ, ತಡವರಿಸಿದೆ. ಈಗ ಕೊಡ್ತೀನಿ.

ಆ ಕಥೆಯಿಂದ ಐದನೆಯವನನ್ನ ಅಳಿಸೋವಾಗ ಅವನನ್ನ ಕೇಳಿರ್ಲಿಲ್ಲ, ಸರಿ. ಈಗ ಅವನನ್ನ ವಾಪಸ್ ಬರೆಯೋವಾಗ್ಲೂ ಕೇಳದೇ ಬರೀಬೇಕಾ? ಲೈವ್‌ನಲ್ಲಿ ಹೆಸರು ಬಂದ ಒಂದು ಗಂಟೆಯಲ್ಲಿ ಅವನ ಮನೆ ಬಾಗಿಲಲ್ಲಿ ಮೈಕ್ ಇರುತ್ತೆ. ಕ್ಷಮಿಸಿದೆ ಅಂದ್ರೆ ದೊಡ್ಡ ಮನಸ್ಸಿನವನು, ಇಲ್ಲ ಅಂದ್ರೆ ಹೊಟ್ಟೆಕಿಚ್ಚಿನವನು, ಮೂರನೇ ಉತ್ತರಕ್ಕೆ ಅಲ್ಲಿ ಜಾಗ ಇಲ್ಲ. ಎಲ್ಲರ ಮುಂದೆ ಕೈ ಮುಗಿಯೋದು ಅಂದ್ರೆ ಎದುರಿಗಿರೋನ ಕೈ ಕಟ್ಟಿಹಾಕೋದು. ಇನ್ನು ಸ್ಟುಡಿಯೋ ಕುರ್ಚಿ, ಅದು ನಿಮ್ಮ ಕುರ್ಚಿ ಅಲ್ಲ. 1976ರ ಡಿಸೆಂಬರ್ 1ಕ್ಕೆ ಕ್ವೀನ್ ಬ್ಯಾಂಡ್ ಬರೋಕಾಗಲ್ಲ ಅಂದಿದ್ದಕ್ಕೆ ಆ ಜಾಗಕ್ಕೆ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ರಾಕ್ ಬ್ಯಾಂಡಿನ ಹುಡುಗರನ್ನ ಲಂಡನ್ನಿನ ಒಂದು ಸಂಜೆ ಟಿವಿ ಶೋಗೆ ಕರೆಸಿದ್ರು, ಬಿಲ್ ಗ್ರಂಡಿ ಅನ್ನೋ ಆಂಕರ್ ಏನಾದ್ರೂ ಖಾರವಾಗಿ ಹೇಳಿ ನೋಡೋಣ ಅಂತ ಕೆಣಕಿದ, ಗಿಟಾರಿಸ್ಟ್ ಲೈವ್‌ನಲ್ಲೇ ಬೈದ. ಕೆಲವೇ ನಿಮಿಷದ ಮಾತು. ಆಂಕರ್ ಎರಡು ವಾರ ಸಸ್ಪೆಂಡ್, ಬ್ಯಾಂಡಿನ ಟೂರ್‌ನಲ್ಲಿ ಎಷ್ಟೋ ಶೋ ರದ್ದು, ಜನವರಿಗೆಲ್ಲ ಅವರ ರೆಕಾರ್ಡ್ ಕಂಪನಿ ಇಎಂಐ ಕೈ ಬಿಟ್ಟಿತು. ಆಮೇಲೆ ಅದೇ ಅವರನ್ನ ಹೆಸರುವಾಸಿ ಮಾಡ್ತು ಅನ್ನೋದು ಬೇರೆ ಮಾತು. ಕೆಣಕಿ ಬೈಸೋಕೆ ಒಳ್ಳೇ ಜಾಗ ಅದು, ಹಳೇ ಗೆಳೆಯನ ಋಣ ತೀರಿಸೋಕೆ ಅಲ್ಲ.

ಆದ್ರೂ ಆ ಹಿರಿಯರ ಮಾತಲ್ಲಿ ಒಂದು ಚುಚ್ಚು ಇದೆ, ಅದನ್ನ ನುಂಗೋಕೆ ಆಗಲ್ಲ. ನಾನು ಮೂರು ಸೆಷನ್ ಉಸಿರಾಟ ಕಲಿಸ್ತಾ ಕೂತಿದ್ದಾಗ ಆ ಹುಡುಗ ಇನ್ನೂ ಎರಡು ಚಾನೆಲ್‌ಗೆ ಹೋಗಿ ಅದೇ ಕಥೆ ಹೇಳಿ ಬಂದ, ಅದೂ ನಾನು ಹೇಳಿಕೊಟ್ಟ ಉಸಿರು ಎಳ್ಕೊಂಡು, ಆರಾಮಾಗಿ.

ಇನ್ನೊಂದು ಸಣ್ಣ ವಿಷಯ, ಇದು ನಮ್ಮ ವೃತ್ತಿಯವರಿಗೆ. ಮ್ಯಾನೇಜರ್ ನನಗೆ ಫೋನ್ ಮಾಡಿ ನೀವೇ ಸ್ಟುಡಿಯೋಗೆ ಬಂದು ಪಕ್ಕದಲ್ಲಿ ಇರಿ, ಟೂರ್‌ಗೂ ಬನ್ನಿ ಅಂದ್ರು. ಇಲ್ಲ ಅಂದೆ. ಸಲಹೆ ಕೊಡೋಕೆ ಬಂದವರೇ ಬ್ಯಾಂಡಿನ ಒಳಗೆ ಸೇರ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಮೆಟಾಲಿಕಾ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಉದಾಹರಣೆ ಇದೆ. 2001ರಲ್ಲಿ ಅವರ ಜಗಳ ಬಿಡಿಸೋಕೆ ಬಂದ ಕೋಚ್ ಕೊನೆಕೊನೆಗೆ ಹಾಡಿನ ಸಾಲುಗಳನ್ನೂ ಬರ್ಕೊಡೋಕೆ ಶುರು ಮಾಡಿದ್ರು, ಅವರನ್ನ ಹೇಗಪ್ಪಾ ಹೊರಗೆ ಕಳಿಸೋದು ಅನ್ನೋದೇ ಬ್ಯಾಂಡಿಗೆ ಹೊಸ ತಲೆನೋವಾಯ್ತು. ನನಗೆ ಹಾಡು ಬರೆಯೋಕೆ ಬರಲ್ಲ, ಆ ಅಪಾಯ ಇರ್ಲಿಲ್ಲ ಅನ್ನಿ.

ಶುರುವಲ್ಲಿ ಮೂರನೇ ಸಲ ಅಂದೆ. ಉಳಿದೆರಡರಲ್ಲಿ ಬ್ಯಾಂಡೂ ಇಲ್ಲ ಟಿವಿಯೂ ಇಲ್ಲ. ಒಬ್ಬಳು ತನ್ನ ಕಂಪನಿ ಹುಟ್ಟಿದ ಕಥೆಯನ್ನ ಸಿಕ್ಕ ಸಿಕ್ಕ ವೇದಿಕೆ ಮೇಲೆ ಹೇಳ್ತಿದ್ಲು, ಅದರಲ್ಲಿ ಅಕ್ಕ ಇರ್ಲಿಲ್ಲ, ಅಕ್ಕನ ಹಣ ಮಾತ್ರ "ಸ್ವಲ್ಪ ಉಳಿತಾಯ" ಅಂತ ಇತ್ತು. ಇನ್ನೊಬ್ಬರು ಗಂಡ ಹೆಂಡತಿ, ನಾವು ಪರಿಚಯ ಆಗಿದ್ದು ಹೇಗೆ ಅನ್ನೋದನ್ನ ಜೊತೆಜೊತೆಯಾಗಿ ನಗ್ತಾ ಹೇಳೋರು, ಅದರಲ್ಲಿ ಅವರಿಬ್ಬರನ್ನೂ ಪರಿಚಯ ಮಾಡಿಸಿದ್ದ, ಅವಳನ್ನ ತಾನೂ ಇಷ್ಟಪಟ್ಟಿದ್ದ ಗೆಳೆಯ ಇರ್ಲಿಲ್ಲ. ಮೂರು ಕಡೆನೂ ನಾನು ಗಮನಿಸಿದ್ದು ಒಂದೇ. ಮನೆಗೆ ಬಂದೋರ ಮುಂದೆ ನೀವು ಯಾವಾಗ್ಲೂ ಹೇಳೋ ಕಥೆ ಒಂದು ಇರುತ್ತಲ್ಲ, ಎಲ್ಲಿ ನಗು ಬರುತ್ತೆ ಅಂತ ಮೊದಲೇ ಗೊತ್ತಿರೋದು, ಅದನ್ನ ಒಂದು ಸಲ ಒಬ್ಬರೇ ಕೂತಾಗ ಹೇಳ್ಕೊಂಡು ನೋಡಿ. ಬಾಗಿಲು ಯಾರು ತೆಗೆದ್ರು, ದುಡ್ಡು ಯಾರದ್ದು, ಲೈಟ್ ಯಾರು ಆರಿಸಿದ್ರು, ಕಥೆಗೆ ಬೇಡವಾದ ಇಂಥ ಕೆಲಸಗಳನ್ನೆಲ್ಲ ಯಾರು ಮಾಡಿದ್ರು ಅಂತ ಕೇಳ್ಕೊಳ್ಳಿ. ಕೆಲವೊಮ್ಮೆ ಏನೂ ಸಿಗಲ್ಲ, ಬರೀ ಒಳ್ಳೇ ಕಥೆ ಆಗಿರುತ್ತೆ, ಅದೂ ಸರಿ.

ಹುಡುಗ ಫೋನ್ ಮಾಡೋಕೆ ಮೂರು ದಿನ ತಗೊಂಡ. ಹೋದ. ಐದನೆಯವನು ಬೈತಾನೆ ಅಂತ ತಯಾರಾಗಿ ಹೋಗಿದ್ದವನಿಗೆ ಅಲ್ಲಿ ಬೈಗುಳ ಸಿಗ್ಲಿಲ್ಲ. ನಾನು ಯಾವ ಇಂಟರ್ವ್ಯೂನೂ ನೋಡಿಲ್ಲ ಕಣೋ, ನೋಡೋಕಾಗಲ್ಲ ಅಂದನಂತೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅಮ್ಮ ನೋಡ್ತಾಳೆ, ಎಲ್ಲಾನೂ ನೋಡ್ತಾಳೆ, ಮೊದಲ ಸಲ ನೋಡಿ "ನೀನಿರ್ಲಿಲ್ವೇನೋ ಅಲ್ಲಿ, ರಾತ್ರಿಯೆಲ್ಲಾ ಸ್ಟೋರ್ ರೂಮಲ್ಲಿ ಇರ್ತಿದ್ದೆ ಅಂತಿದ್ದೆಯಲ್ಲ, ಎಲ್ಲಿಗೆ ಹೋಗ್ತಿದ್ದೆ ಹಾಗಾದ್ರೆ?" ಅಂತ ಕೇಳಿದ್ಲು ಅಂದ. ಮಗ ಆ ವರ್ಷಗಳಲ್ಲಿ ಸುಳ್ಳು ಹೇಳಿ ಬೇರೆಲ್ಲೋ ಹೋಗ್ತಿದ್ದ ಅಂತ ಅವರು ಅಂದ್ಕೊಂಡುಬಿಟ್ಟಿದ್ರು. ಟಿವಿಯಲ್ಲಿ ಹೇಳಿದಾರಲ್ಲ, ನಾಲ್ಕೇ ಜನ ಅಂತ. "ನನಗೇನೂ ಬೇಡ, ಒಳಗೆ ಹೋಗಿ ಅಮ್ಮನಿಗೆ ಹೇಳು" ಅಂದನಂತೆ. ಒಳಗೆ ಹೋದ. ಅಲ್ಲಿ ಏನು ಹೇಳಿದ, ಅವರೇನಂದ್ರು ಅನ್ನೋದು ನಾನು ಬರೆದಿದ್ದೆ, ಹೊಡೆದುಹಾಕಿಸಿದ ಎರಡು ಕಡೆಗಳಲ್ಲಿ ಅದೂ ಒಂದು.

ಎಲ್ಲಾ ಸರಿಹೋಯ್ತು ಅಂತ ಅಲ್ಲ. ಹಾಡಿನ ಕ್ರೆಡಿಟ್ ಇನ್ನೂ ವಕೀಲರ ಮಧ್ಯೆ ಓಡಾಡ್ತಿದೆ. ಹಾಡೋನು ಇವನ ಹತ್ರ ಮಾತು ಬಿಟ್ಟಿದಾನೆ, ಸ್ಟೇಜ್ ಮೇಲೆ ಮಾತ್ರ ಪಕ್ಕಪಕ್ಕ ನಿಲ್ತಾರೆ. ಬ್ಯಾಂಡ್ ಉಳಿಯುತ್ತಾ ಅಂತ ನನ್ನ ಕೇಳಿದ್ರೆ ನಾನು ಹೇಳಲ್ಲ. ನಿದ್ದೆ ಬರ್ತಿದೆ, ವಾರಕ್ಕೆ ಎರಡು ರಾತ್ರಿ ಬಿಟ್ಟು.

ಲೈವ್ ಶೋಗೆ ಹೋದ. ನಾನೂ ನೋಡಿದೆ. ಆಂಕರ್ ಕಾರ್ಡ್ ನೋಡ್ಕೊಂಡು, ನಾಲ್ಕು ಜನ ಗೆಳೆಯರು ಮಳೆ ಬರೋ ರಾತ್ರಿ ಕೂತು ಕಟ್ಟಿದ ಕನಸಲ್ವಾ ಇದು ಅಂದ್ರು. ಅವನು ಸುಮ್ನಿದ್ದ. ಟಿವಿಯಲ್ಲಿ ನಾಲ್ಕು ಸೆಕೆಂಡ್ ಮೌನ ಅಂದ್ರೆ ಸೌಂಡ್ ಹೋಯ್ತೇನೋ ಅಂತ ರಿಮೋಟ್ ಹುಡುಕಬೇಕು ಅಷ್ಟು ಉದ್ದ. ಆಮೇಲೆ "ಅಲ್ಲ" ಅಂದ. ನಾನು ಹೇಳಿಕೊಟ್ಟಿದ್ದ ಉಳಿದ ವಾಕ್ಯ ಬರ್ಲೇ ಇಲ್ಲ. ಆಂಕರ್ ಕಾರ್ಡ್ ತಿರುಗಿಸಿ ನೋಡಿದ್ರು, ಕಿವಿ ಹತ್ರ ಕೈ ಹೋಯ್ತು, ಚಿಕ್ಕದೊಂದು ಬ್ರೇಕ್ ಅಂದ್ರು.

ಬ್ರೇಕಲ್ಲಿ ಮೇಕಪ್ ಹುಡುಗಿ ಬಂದು ಅವನ ಹಣೆ ಬೆವರು ಒರೆಸ್ತಾ, ಹಾಗಾದ್ರೆ ಎಷ್ಟು ಜನ ಇದ್ರಿ ಅಂತ ಕೇಳಿದ್ಲಂತೆ.

ಐದು ಅಂದನಂತೆ.